‘ಸಮುದ್ರಕ್ಕೆ ಇಳಿಯಬ…’: ಬಾಲ ತುಂಡಾದ ಸಂದೇಶಗಳ ಚರಿತ್ರೆ

ಕೆಲವು ವರ್ಷಗಳ ಹಿಂದಿನ ಮಳೆಗಾಲದ ಮಾತು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೆ ಬೇಕಾದ ಮಳೆ, ಕಡಲು, ಶಾಲೆ ರಜೆಯ ಸುದ್ದಿಗಳನ್ನು ಟ್ವಿಟರ್‌ನಿಂದ ಹೆಕ್ಕಿ ಒಂದೇ ಪಟ್ಟಿ ಮಾಡುವ ಸಣ್ಣ ಪ್ರೋಗ್ರಾಂ ಒಂದನ್ನು ನಮ್ಮ ಬಳಗದವರು ಬರೆದಿದ್ದೆವು. ಸಂಜೆ ಹೊತ್ತಿಗೆ ಪಟ್ಟಿ ತಯಾರಾಗುತ್ತಿತ್ತು, ನಾವು ಅದನ್ನು ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕುತ್ತಿದ್ದೆವು.

ಒಂದು ಸಂಜೆ ಆ ಪಟ್ಟಿಯಲ್ಲಿ ಒಂದು ಸಾಲು ಹೀಗೆ ಮುಗಿದಿತ್ತು: ‘ಮೀನುಗಾರರು ಸಮುದ್ರಕ್ಕೆ ಇಳಿಯಬ…’

ಇಳಿಯಬಹುದೋ? ಇಳಿಯಬಾರದೋ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗೆ ಇಳಿಯುವವರು ನಾಡದೋಣಿಯವರು. ಗಂಗೊಳ್ಳಿ, ಕೊಡೇರಿ, ಉಪ್ಪುಂದದ ಕಡೆಯ ಎಷ್ಟೋ ಮನೆಗಳಲ್ಲಿ ಆ ಒಂದು ಕ್ರಿಯಾಪದದ ಮೇಲೆ ಮರುದಿನದ ದುಡಿಮೆ ನಿಂತಿರುತ್ತದೆ. ಕೆಲವೊಮ್ಮೆ ಜೀವವೂ. ಪಟ್ಟಿ ಹೊರಗೆ ಹೋಗುವ ಮೊದಲು ನಮ್ಮಲ್ಲಿ ಒಬ್ಬರು ಕಣ್ಣಾಡಿಸಿದ್ದರಿಂದ ಮೂಲ ಸಂದೇಶವನ್ನು ಹುಡುಕಿ ಓದಿದೆವು. ಅದರಲ್ಲಿದ್ದದ್ದು ‘ಇಳಿಯಬಾರದು’.

ಮೂಲ ಸಂದೇಶ ಬರೆದವರು ಪೂರ್ತಿಯಾಗಿಯೇ ಬರೆದಿದ್ದರು. ಅದನ್ನು ಮರುಹಂಚಿದವರೂ ಒಂದಕ್ಷರ ಅಳಿಸಿರಲಿಲ್ಲ. ತಪ್ಪು ನಮ್ಮ ಪ್ರೋಗ್ರಾಂನದು. ಅದು ಓದಬೇಕಾದ ಜಾಗ ಬಿಟ್ಟು ಬೇರೆ ಜಾಗವನ್ನು ಓದಿತ್ತು. ಆದರೆ ಅಂಥ ಬಾಲ ತುಂಡಾದ ಪ್ರತಿ ಅಲ್ಲಿ ಯಾಕೆ ಇತ್ತು ಎಂದು ಹುಡುಕುತ್ತಾ ಹೋದಾಗ ದೊಡ್ಡದೊಂದು ಕಥೆಯೇ ಸಿಕ್ಕಿತು. ಅದು ನಿಮ್ಮ ಕೈಯಲ್ಲಿರುವ ಫೋನಿನ ಕಥೆಯೂ ಹೌದು.

ಕಲ್ಲು ಮತ್ತು ತಂತಿ

ಒಂದು ಮಾತನ್ನು ಇನ್ನೊಂದು ಕಡೆಗೆ ದಾಟಿಸುವಾಗ ತುದಿ ಕಳೆದುಹೋಗುವುದು ಹೊಸತಲ್ಲ. ಬ್ರಹ್ಮಾವರದ ಹತ್ತಿರದ ಬಾರಕೂರಿಗೆ ಹೋದರೆ ಶಾಸನದ ಕಲ್ಲುಗಳು ಸಿಗುತ್ತವೆ. ಶಾಸನ ತಜ್ಞರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಅಕ್ಷರ ಸವೆದುಹೋದ ಕಡೆ ಪುಸ್ತಕದಲ್ಲಿ ಚುಕ್ಕಿಗಳನ್ನು ಹಾಕುತ್ತಾರೆ. ಆ ಚುಕ್ಕಿಗಳು ಪ್ರಾಮಾಣಿಕ ಚುಕ್ಕಿಗಳು. ‘ಇಲ್ಲಿ ಅಕ್ಷರ ಇತ್ತು, ನಮಗೆ ಓದಲಾಗಲಿಲ್ಲ’ ಎಂದು ಅವು ಹೇಳುತ್ತವೆ. ಅನುಮಾನ ಬಂದವರು ಮತ್ತೆ ಕಲ್ಲಿನ ಬಳಿಗೇ ಹೋಗುತ್ತಾರೆ.

ಆಮೇಲೆ ತಂತಿ ಬಂತು. ಟೆಲಿಗ್ರಾಂ ಕಳಿಸಲು ಪದಕ್ಕೆ ಇಷ್ಟು ಎಂದು ದುಡ್ಡು. ಹಾಗಾಗಿ ಜನ ಪದ ಉಳಿಸುತ್ತಿದ್ದರು. ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯವರಿಗೆ ಊರಿನಿಂದ ತಂತಿ ಬಂತೆಂದರೆ, ಅದು ನಾಲ್ಕೇ ಪದದ್ದಾದರೂ ಎದೆ ಧಸಕ್ಕೆನ್ನುತ್ತಿತ್ತು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಭಾರತದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು.

ತಂತಿಯಲ್ಲಿ ಮಾತು ಚಿಕ್ಕದಾಗುತ್ತಿತ್ತು, ಆದರೆ ಚಿಕ್ಕದು ಮಾಡುತ್ತಿದ್ದವರು ಕಳಿಸುವವರೇ. ಯಾವ ಪದ ಬಿಟ್ಟರೂ ಅರ್ಥ ಉಳಿಯುತ್ತದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ನಮ್ಮ ಕುಂದಾಪ್ರ ಕನ್ನಡವೂ ಹಾಗೆಯೇ ಅಲ್ಲವೇ? ‘ಹೋಗಬೇಕು’ ಎನ್ನುವುದನ್ನು ‘ಹೋಯ್ಕ್’ ಅನ್ನುತ್ತೇವೆ, ‘ಬರಬೇಕು’ ನಮ್ಮ ಬಾಯಲ್ಲಿ ‘ಬರ್ಕ್’. ಪದ ಸಣ್ಣದಾಯಿತು, ಅರ್ಥ ಮಾತ್ರ ಒಂಚೂರೂ ಕಡಿಮೆಯಾಗಲಿಲ್ಲ. ಯಂತ್ರ ಕತ್ತರಿಸುವ ರೀತಿ ಬೇರೆ. ಅದಕ್ಕೆ ಅರ್ಥ ಗೊತ್ತಿಲ್ಲ, ಲೆಕ್ಕ ಮಾತ್ರ ಗೊತ್ತು.

160 ಎಲ್ಲಿಂದ ಬಂತು, 70 ಎಲ್ಲಿಂದ ಬಂತು

ಆ ಲೆಕ್ಕ ಶುರುವಾದದ್ದು ಜರ್ಮನಿಯಲ್ಲಿ. 1985ರಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು ಸಾಧಾರಣ ವಾಕ್ಯಗಳನ್ನು ಬಡಿದು ಅಕ್ಷರ ಎಣಿಸಿದರು. ಹೆಚ್ಚಿನವು 160ರೊಳಗೆ ಮುಗಿದವು. ಪೋಸ್ಟ್ ಕಾರ್ಡುಗಳಲ್ಲೂ ಜನ ಬರೆಯುವುದು ಹೆಚ್ಚುಕಡಿಮೆ ಅಷ್ಟೇ ಎಂದು ಕಂಡುಬಂತು. ಮೊಬೈಲಿನ ಎಸ್ಸೆಮ್ಮೆಸ್‌ಗೆ 160 ಅಕ್ಷರದ ಮಿತಿ ಬಂದದ್ದು ಹೀಗೆ. ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ.

ಆದರೆ ಆ 160 ಇಂಗ್ಲಿಷಿನಂಥ ಲಿಪಿಗೆ. ಒಂದು ಎಸ್ಸೆಮ್ಮೆಸ್‌ನಲ್ಲಿರುವುದು 1120 ಬಿಟ್‌ಗಳ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಯುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲಿ ಕಳಿಸಿದರೆ ಒಂದೊಂದು ಸಂಕೇತಕ್ಕೂ 16 ಬಿಟ್. ಹಾಗಾಗಿ ಹಿಡಿಯುವುದು 70 ಮಾತ್ರ.

ಇಲ್ಲಿ ‘ಅಕ್ಷರ’ ಎನ್ನದೆ ‘ಸಂಕೇತ’ ಎಂದದ್ದಕ್ಕೆ ಕಾರಣವಿದೆ. ನಾವು ‘ಕುಂದಾಪುರ’ವನ್ನು ನಾಲ್ಕು ಅಕ್ಷರ ಎನ್ನುತ್ತೇವೆ: ಕುಂ, ದಾ, ಪು, ರ. ಕಂಪ್ಯೂಟರ್ ಹಾಗೆ ಎಣಿಸುವುದಿಲ್ಲ. ಕ, ಕೊಂಬು, ಸೊನ್ನೆ, ದ, ದೀರ್ಘ, ಪ, ಕೊಂಬು, ರ ಎಂದು ಎಂಟು ಸಂಕೇತ ಎಣಿಸುತ್ತದೆ. ‘ಬೈಂದೂರು’ ನಮಗೆ ಮೂರು, ಅದಕ್ಕೆ ಏಳು. ‘ಬ್ರಹ್ಮಾವರ’ ನಮಗೆ ನಾಲ್ಕು, ಅದಕ್ಕೆ ಒಂಬತ್ತು, ಒತ್ತಕ್ಷರ ಮಾಡುವ ಅರ್ಧಚಿಹ್ನೆಯೂ ಲೆಕ್ಕಕ್ಕೆ ಬರುವುದರಿಂದ. ಮೂರು ಊರಿನ ಹೆಸರನ್ನು ಅಲ್ಪವಿರಾಮ ಹಾಕಿ, ಜಾಗ ಬಿಟ್ಟು ಬರೆದರೆ 28 ಸಂಕೇತ. 70ರಲ್ಲಿ 28 ಊರಿನ ಹೆಸರಿಗೇ ಹೋದರೆ ವಿಷಯ ಹೇಳಲು ಉಳಿಯುವುದು 42. ಅದೇ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ 30, ಆದರೆ ಅಲ್ಲಿ ಇನ್ನೂ 130 ಉಳಿಯುತ್ತದೆ.

ಕನ್ನಡದ ಒಂದು ಉದ್ದ ಸಂದೇಶ ಎರಡು ಮೂರು ತುಂಡಾಗಿ ಹೋಗಬೇಕಾಗುತ್ತಿದ್ದದ್ದು, ಅದಕ್ಕೆ ಹೆಚ್ಚು ದುಡ್ಡು ಬೀಳುತ್ತಿದ್ದದ್ದು ಇದರಿಂದಲೇ. ‘ನಾಳೆ ಬರ್ತೆ’ ಎನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವ ಅಭ್ಯಾಸಕ್ಕೆ ಇದೂ ಒಂದು ಕಾರಣವಿದ್ದೀತು.

140 ಮತ್ತು ‘ಆರ್‌ಟಿ’

2006ರಲ್ಲಿ ಅಮೆರಿಕದಲ್ಲಿ ಟ್ವಿಟರ್ ಶುರುವಾದಾಗ ಅದು ಎಸ್ಸೆಮ್ಮೆಸ್ ಮೂಲಕವೂ ನಡೆಯಬೇಕಿತ್ತು. 160ರಲ್ಲಿ 20ನ್ನು ಬರೆದವರ ಹೆಸರಿಗೆಂದು ತೆಗೆದಿಟ್ಟು, ಉಳಿದ 140ನ್ನು ಮಾತಿಗೆ ಕೊಟ್ಟರು. ಪೋಸ್ಟ್ ಕಾರ್ಡಿನ ಅಳತೆ ಹೀಗೆ ಇಂಟರ್‌ನೆಟ್ಟಿಗೂ ಬಂತು.

ಇನ್ನೊಬ್ಬರ ಮಾತನ್ನು ತಮ್ಮವರಿಗೆ ದಾಟಿಸಲು ಆಗ ಗುಂಡಿ ಇರಲಿಲ್ಲ. ಬಳಕೆದಾರರೇ ಒಂದು ಪದ್ಧತಿ ಕಂಡುಕೊಂಡರು. ಮೊದಲು ‘ಆರ್‌ಟಿ’ ಎಂದು ಬರೆದು, ಮೂಲ ಬರೆದವರ ಹೆಸರು ಹಾಕಿ, ಮುಂದೆ ಅವರ ಮಾತನ್ನು ಅಂಟಿಸುವುದು. ಆರ್‌ಟಿ ಎಂದರೆ ರೀಟ್ವೀಟ್, ಮರುಹಂಚಿಕೆ. ಇದು ಒಳ್ಳೆಯ ಸಂಪ್ರದಾಯವೇ, ಯಾರ ಮಾತು ಎಂದು ಹೇಳಿಯೇ ದಾಟಿಸುವುದು. ಆದರೆ ಆ ತಲೆಪಟ್ಟಿಗೂ ಜಾಗ ಬೇಕು. ಟ್ವಿಟರ್‌ನಲ್ಲಿ ಹೆಸರು 15 ಅಕ್ಷರದವರೆಗೆ ಇರಬಹುದು. ‘ಆರ್‌ಟಿ’, ನಡುವಿನ ಖಾಲಿ ಜಾಗ, ಚಿಹ್ನೆ ಎಲ್ಲ ಸೇರಿದರೆ 21ರವರೆಗೆ ಹೋಗುತ್ತದೆ. ಮೂಲದವರು 140ನ್ನೂ ಬಳಸಿ ಬರೆದಿದ್ದರೆ ಕೊನೆಯ 20ಕ್ಕೂ ಹೆಚ್ಚು ಸಂಕೇತಗಳಿಗೆ ಜಾಗವೇ ಇಲ್ಲ. ದಾಟಿಸುವವರು ಅಲ್ಲಿ ಇಲ್ಲಿ ಪದ ಕಿತ್ತು ಹೊಂದಿಸುತ್ತಿದ್ದರು.

2009ರ ನವೆಂಬರ್‌ನಲ್ಲಿ ಟ್ವಿಟರ್ ರೀಟ್ವೀಟ್ ಗುಂಡಿಯನ್ನೇ ಕೊಟ್ಟಿತು. ಒತ್ತಿದರೆ ಮೂಲವೇ ಪೂರ್ತಿಯಾಗಿ ಕಾಣುತ್ತದೆ, ಏನನ್ನೂ ಕೀಳಬೇಕಿಲ್ಲ. ಆ ಗುಂಡಿ ರೂಪಿಸಿದ ತಂಡದ ಮುಂದಾಳು ಕ್ರಿಸ್ ವೆದರೆಲ್ 2019ರಲ್ಲಿ ತಮ್ಮ ಕೆಲಸದ ಬಗ್ಗೆ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಯೋಚಿಸದೆ ದಾಟಿಸುವುದು ಅಷ್ಟು ಸುಲಭವಾಗಬಾರದಿತ್ತು ಎನ್ನುವುದು ಅವರ ಅಳಲು. ಅದು ಬೇರೆಯೇ ಚರ್ಚೆ. ನಮ್ಮ ಕಥೆಗೆ ಬೇಕಾದದ್ದು ಆ ಗುಂಡಿಯ ಹಿಂದೆ ನಡೆದದ್ದು.

ಕಿಟಕಿಯ ಆಚೆಗೆ

ಪರದೆಯ ಮೇಲೆ ನಾವು ನೋಡುವ ಟ್ವಿಟರ್ ಒಂದು. ಪ್ರೋಗ್ರಾಂಗಳು ಮಾತಾಡುವ ಟ್ವಿಟರ್ ಇನ್ನೊಂದು. ಈ ಎರಡನೆಯದಕ್ಕೆ ಎಪಿಐ ಎನ್ನುತ್ತಾರೆ. ತಾಲೂಕು ಕಚೇರಿಯ ಕಿಟಕಿ ಇದ್ದ ಹಾಗೆ. ಒಳಗೆ ನುಗ್ಗಲು ಬಿಡುವುದಿಲ್ಲ. ನಿಗದಿಯಾದ ರೀತಿಯಲ್ಲಿ ಅರ್ಜಿ ಕೊಟ್ಟರೆ ನಿಗದಿಯಾದ ಕಾಗದ ಹೊರಗೆ ಬರುತ್ತದೆ.

2009ರಲ್ಲಿ ಗುಂಡಿ ಬಂದಾಗ ‘ಆರ್‌ಟಿ’ ಎಂಬ ಹಳೆಯ ತಲೆಪಟ್ಟಿಯನ್ನು ನಂಬಿದ್ದ ಪ್ರೋಗ್ರಾಂಗಳು ಎಷ್ಟೋ ಇದ್ದವು. ಕಿಟಕಿಯಿಂದ ಬರುವ ಕಾಗದದಲ್ಲಿ ರೀಟ್ವೀಟ್ ಎರಡು ಸಲ ಇರುತ್ತಿತ್ತು. ಮೇಲಿನ ‘ಟೆಕ್ಸ್ಟ್’ ಎಂಬ ಅಂಕಣದಲ್ಲಿ ಹಳೆಯ ಕ್ರಮದಂತೆ ‘ಆರ್‌ಟಿ’ ಎಂದು ಶುರುವಾಗುವ ಪ್ರತಿ. ಅದು 140 ಮೀರಿದರೆ ಕೊನೆಗೆ ಮೂರು ಚುಕ್ಕಿ ಹಾಕಿ ಕತ್ತರಿಸಿದ್ದು. ಒಳಗೆ ‘ರೀಟ್ವೀಟೆಡ್ ಸ್ಟೇಟಸ್’ ಎಂಬ ಬೇರೆ ಚೀಲದಲ್ಲಿ ಮೂಲ ಟ್ವೀಟ್, ಅದರ ಬಾಲ ಕತ್ತರಿಸದೆ.

ನಮ್ಮ ಪ್ರೋಗ್ರಾಂ ಮೇಲಿನ ಅಂಕಣ ಓದಿ ಸುಮ್ಮನಾಗಿತ್ತು. ಚೀಲ ಬಿಚ್ಚಿರಲೇ ಇಲ್ಲ.

ಇಲ್ಲಿ ಇನ್ನೊಂದು ಬಲೆಯಿದೆ. ಅದೇ ಕಾಗದದಲ್ಲಿ ‘ಟ್ರಂಕೇಟೆಡ್’ ಎಂಬ ಅಂಕಣವೂ ಇತ್ತು, ಸಂದೇಶ ತುಂಡಾಗಿದೆಯೇ ಎಂದು ಹೇಳಲು. ತುಂಡಾದ ರೀಟ್ವೀಟಿನಲ್ಲೂ ಅದು ‘ಇಲ್ಲ’ ಎಂದೇ ಹೇಳುತ್ತಿತ್ತು! ಅದು ಹೇಳುತ್ತಿದ್ದದ್ದು ಮೂಲ ಟ್ವೀಟಿನ ಸ್ಥಿತಿಯನ್ನು. ಮೂಲ ತುಂಡಾಗಿರಲಿಲ್ಲ, ಆದ್ದರಿಂದ ‘ಇಲ್ಲ’. ನಿಯಮ ಪುಸ್ತಕದಲ್ಲಿ ಇದನ್ನು ಬರೆದೇ ಇಟ್ಟಿದ್ದರು. ನಾವು ಓದಿದ್ದು ಎಡವಿ ಬಿದ್ದ ಮೇಲೆ.

2017ರ ನವೆಂಬರ್‌ನಲ್ಲಿ ಮಿತಿ 140ರಿಂದ 280ಕ್ಕೆ ಏರಿತು. ಚೀನೀ, ಜಪಾನೀ, ಕೊರಿಯನ್ ಬರಹಗಳಿಗೆ ಹಳೆಯ ಲೆಕ್ಕವೇ ಉಳಿಯಿತು. ಕನ್ನಡಕ್ಕೆ ಪೂರ್ತಿ 280 ಸಿಕ್ಕಿತು. ಬರೆಯುವವರಿಗೆ ಹಬ್ಬ. ಆದರೆ ಕಿಟಕಿಯ ಆಚೆ ತೊಂದರೆ ಹೆಚ್ಚಾಯಿತು. 280ರ ಟ್ವೀಟನ್ನು ಯಾರಾದರೂ ಮರುಹಂಚಿದರೆ ಮೇಲಿನ ಅಂಕಣದ ಪ್ರತಿ ಆಗಲೂ 140ಕ್ಕೇ ನಿಲ್ಲುತ್ತಿತ್ತು. ಮೊದಲು ಹೋಗುತ್ತಿದ್ದದ್ದು ಬಾಲದ ತುದಿ, ಈಗ ಅರ್ಧಕ್ಕಿಂತ ಹೆಚ್ಚು ಮೈ. ಆದೇಶದ ಪ್ರತಿಗೆ ಕೊಟ್ಟ ಲಿಂಕ್ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಅದು ನಡುವೆ ಕತ್ತರಿಸಿದರೆ ಒತ್ತಿದರೂ ಎಲ್ಲಿಗೂ ಹೋಗುವುದಿಲ್ಲ.

‘ಎಕ್ಸ್‌ಟೆಂಡೆಡ್’ ಎಂದು ವಿಶೇಷವಾಗಿ ಕೇಳಿದರೆ ‘ಫುಲ್ ಟೆಕ್ಸ್ಟ್’ ಎಂಬ ಹೊಸ ಅಂಕಣ ಸಿಗುತ್ತಿತ್ತು. ಹೆಸರು ನೋಡಿ ಎಲ್ಲರೂ ನಂಬಿದರು, ನಾವೂ ನಂಬಿದೆವು. ಆದರೆ ರೀಟ್ವೀಟಿನ ವಿಷಯದಲ್ಲಿ ಆ ‘ಫುಲ್’ ಕೂಡ ಪೂರ್ತಿಯಲ್ಲ. ಮೂಲದ ಚೀಲದೊಳಗಿರುವ ‘ಫುಲ್ ಟೆಕ್ಸ್ಟ್’ ಮಾತ್ರ ಪೂರ್ತಿ. ಹಾಗಾಗಿ ಸರಿಪಡಿಸುವ ದಾರಿ ಎರಡೇ ಸಾಲಿನದು:

ಇದು ರೀಟ್ವೀಟೇ ಎಂದು ಮೊದಲು ನೋಡು. ಹೌದಾದರೆ ಮೂಲದ ಚೀಲ ಬಿಚ್ಚಿ ಅಲ್ಲಿನ ಪೂರ್ತಿ ಪಠ್ಯ ಓದು, ಅಲ್ಲವಾದರೆ ಇದರದ್ದೇ ಪೂರ್ತಿ ಪಠ್ಯ ಓದು.

2020ರಿಂದ ಬಂದ ಎರಡನೇ ಆವೃತ್ತಿಯಲ್ಲಿ ಚೀಲವನ್ನು ತಾನಾಗಿ ಕೊಡುವುದಿಲ್ಲ. ಆರ್‌ಟಿಸಿ ಕೇಳಿದವರಿಗೆ ಆರ್‌ಟಿಸಿ ಮಾತ್ರ, ನಕ್ಷೆ ಬೇಕಿದ್ದರೆ ಬೇರೆ ಕೇಳಬೇಕು, ಹಾಗೆ. ಇಲ್ಲಿ ‘ರೆಫರೆನ್ಸ್ಡ್ ಟ್ವೀಟ್ಸ್’ ಎಂಬುದನ್ನು ಬಿಡಿಸಿ ಕೊಡಿ ಎಂದು ಅರ್ಜಿಯಲ್ಲೇ ಬರೆಯಬೇಕು. ಆಗ ಮೂಲಗಳು ‘ಇನ್‌ಕ್ಲೂಡ್ಸ್’ ಎಂಬ ಪ್ರತ್ಯೇಕ ಕಟ್ಟಿನಲ್ಲಿ ಬರುತ್ತವೆ, ಗುರುತಿನ ಸಂಖ್ಯೆ ನೋಡಿ ಜೋಡಿಸಿಕೊಳ್ಳಬೇಕು. 2023ರಿಂದ ದುಡ್ಡು ಕೊಟ್ಟವರು ಸಾವಿರಾರು ಅಕ್ಷರ ಬರೆಯಬಹುದಾದ ಮೇಲೆ ‘ನೋಟ್ ಟ್ವೀಟ್’ ಎಂಬ ಮತ್ತೊಂದು ಅಂಕಣ ಸೇರಿತು. ಅದನ್ನೂ ಕೇಳಿಯೇ ಪಡೆಯಬೇಕು. ಅದೇ ವರ್ಷ ಫೆಬ್ರವರಿಯಲ್ಲಿ ಕಿಟಕಿಗೆ ಶುಲ್ಕ ಹಾಕುವುದಾಗಿ ಕಂಪನಿ ಹೇಳಿತು. ನಮ್ಮಂಥ ಸಣ್ಣ ಬಳಗಗಳು ಪಟ್ಟಿ ಮಾಡುವ ಕೆಲಸವನ್ನು ಮತ್ತೆ ಕೈಯಲ್ಲೇ ಮಾಡಬೇಕಾಯಿತು. ಜುಲೈ ಹೊತ್ತಿಗೆ ಟ್ವಿಟರ್ ಎಂಬ ಹೆಸರೇ ಹೋಗಿ ‘ಎಕ್ಸ್’ ಆಯಿತು.

ಕನ್ನಡದ ಜೀವ ಬಾಲದಲ್ಲಿದೆ

ಬಾಲ ಕತ್ತರಿಸಿದರೆ ಎಲ್ಲ ಭಾಷೆಗೂ ನಷ್ಟವೇ. ಆದರೆ ಕನ್ನಡಕ್ಕೆ ಆಗುವ ನಷ್ಟ ಬೇರೆ ರೀತಿಯದು.

ಇಂಗ್ಲಿಷಿನಲ್ಲಿ ‘ಬೇಡ’, ‘ಇಲ್ಲ’ ಎನ್ನುವ ಮಾತು ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತದೆ. ‘ನೋ ಹಾಲಿಡೇ’ ಎಂದು ಶುರುವಾದ ವಾಕ್ಯದ ಕೊನೆ ಹೋದರೂ ರಜೆ ಇಲ್ಲ ಎಂದು ತಿಳಿಯುತ್ತದೆ. ಕನ್ನಡದಲ್ಲಿ ತೀರ್ಮಾನ ಬರುವುದು ಕೊನೆಗೆ. ‘ನಾಳೆ ಬೈಂದೂರು ತಾಲೂಕಿನ ಎಲ್ಲ ಶಾಲೆಗಳಿಗೆ ರಜೆ’ ಎಂಬಲ್ಲಿಗೆ ಕತ್ತರಿ ಬಿದ್ದರೆ, ಮುಂದೆ ‘ಇದೆ’ ಇತ್ತೋ ‘ಇಲ್ಲ’ ಇತ್ತೋ ‘ಎಂಬುದು ಸುಳ್ಳು ಸುದ್ದಿ’ ಎಂದಿತ್ತೋ ಹೇಳುವವರಾರು? ‘ನಾಳಿಗೆ ರಜಿ ಇತ್ತಾ?’ ಎಂದು ಮಕ್ಕಳು ಕೇಳಿದರೆ ಅರ್ಧ ವಾಕ್ಯ ಹಿಡಿದು ಉತ್ತರ ಕೊಡಲಾಗದು.

‘ಇಳಿಯಬಹುದು’, ‘ಇಳಿಯಬಾರದು’ ಎರಡನ್ನೂ ಕಂಪ್ಯೂಟರ್ ಎಣಿಸುವಂತೆ ಎಣಿಸಿ ನೋಡಿದೆವು. ಎರಡೂ ಒಂಬತ್ತೊಂಬತ್ತು ಸಂಕೇತ. ಇ, ಳ, ಗುಡಿಸು, ಯ, ಬ, ಮೊದಲ ಐದೂ ಒಂದೇ. ಆರನೆಯದರಲ್ಲಿ ದಾರಿ ಬೇರೆಯಾಗುತ್ತದೆ, ಒಂದರಲ್ಲಿ ‘ಹ’, ಇನ್ನೊಂದರಲ್ಲಿ ದೀರ್ಘ. ‘ಬಾ’ ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ‘ಬ’ ಮತ್ತು ದೀರ್ಘ ಎಂಬ ಎರಡು. ಕತ್ತರಿ ಅವೆರಡರ ನಡುವೆ ಬಿದ್ದರೆ ‘ಬಾರದು’ ಎಂಬುದರ ಗುರುತೂ ಉಳಿಯುವುದಿಲ್ಲ. ಒಂದು ದೀರ್ಘ ಹೋದದ್ದಕ್ಕೆ ನಮ್ಮ ಪಟ್ಟಿ ಅಂದು ಎಚ್ಚರಿಕೆಯಾಗಿ ಉಳಿಯದೆ ಒಗಟಾಗಿತ್ತು.

ಎಚ್ಚರಿಕೆಯ ಸಂದೇಶ ಬರೆಯುವವರಿಗೆ ನಮ್ಮದೊಂದು ವಿನಂತಿ. ತೀರ್ಮಾನವನ್ನು ಮೊದಲು ಬರೆಯಿರಿ. ‘ಕಡಲಿಗೆ ಇಳಿಯಬೇಡಿ’ ಎಂದು ಶುರುಮಾಡಿ, ಆಮೇಲೆ ಅಲೆಯ ಎತ್ತರ, ಗಾಳಿಯ ವೇಗ ಹೇಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆಯಾಗಲಿ, ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯಾಗಲಿ, ನಿಮ್ಮ ಮಾತಿನಲ್ಲಿ ಬರೆದು ಗುಂಪಿಗೆ ಹಾಕುವಾಗ ದಿನಾಂಕ ಮತ್ತು ತಾಲೂಕಿನ ಹೆಸರೂ ಮೊದಲ ಸಾಲಿನಲ್ಲೇ ಇರಲಿ. ಯಂತ್ರ ಎಲ್ಲಿ ಕತ್ತರಿಸಿದರೂ ಜೀವ ಉಳಿಸುವ ಮಾತು ಉಳಿಯುತ್ತದೆ.

ವಾಟ್ಸಾಪ್‌ನಲ್ಲಿ ಚೀಲವೇ ಇಲ್ಲ

ಊರಲ್ಲಿ ಟ್ವಿಟರ್ ನೋಡುವವರು ಎಷ್ಟು ಮಂದಿ ಎಂದು ನೀವು ಕೇಳಬಹುದು. ಸರಿಯೇ. ನಮ್ಮೂರ ಸುದ್ದಿ ಓಡಾಡುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಈ ಕಥೆ ಇನ್ನೂ ಗಂಭೀರ.

ರೀಟ್ವೀಟಿನಲ್ಲಿ ಮೇಲಿನ ಪ್ರತಿ ತುಂಡಾದರೂ ಒಳಗೆ ಮೂಲ ಇರುತ್ತಿತ್ತು, ಹುಡುಕಿದರೆ ಸಿಗುತ್ತಿತ್ತು. ವಾಟ್ಸಾಪ್ ಫಾರ್ವರ್ಡಿನಲ್ಲಿ ಮೂಲಕ್ಕೆ ಹೋಗುವ ದಾರಿಯೇ ಇಲ್ಲ. 2018ರ ಜುಲೈನಿಂದ ‘ಫಾರ್ವರ್ಡೆಡ್’ ಎಂಬ ಗುರುತು ಬರುತ್ತದೆ. ಸುಳ್ಳು ಸಂದೇಶಗಳಿಂದ ಗುಂಪು ಹಲ್ಲೆಗಳಾದ ಮೇಲೆ ಆ ವರ್ಷವೇ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದು ಎಂಬ ಮಿತಿಯೂ ಬಂತು. ಗುರುತು ಹೇಳುವುದು ಇದು ದಾಟಿ ಬಂದದ್ದು ಎಂದಷ್ಟೆ. ಯಾರಿಂದ ಹೊರಟಿತು, ನಡುವೆ ಯಾರು ಯಾವ ಸಾಲು ಅಳಿಸಿದರು ಎಂದು ಅದು ಹೇಳುವುದಿಲ್ಲ. ಉದ್ದ ಸಂದೇಶದ ಮೊದಲ ತುಂಡು ನಕಲು ಮಾಡಿ ಅಂಟಿಸಿದರೆ, ಅರ್ಧ ಪುಟದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ, ಮೂರು ಚುಕ್ಕಿಯೂ ಉಳಿಯುವುದಿಲ್ಲ. ತುಂಡಾದದ್ದೇ ಪೂರ್ತಿ ಎಂದು ಕಾಣುತ್ತದೆ. ಕಳೆದ ವರ್ಷದ ಜುಲೈನ ರಜೆ ಆದೇಶ ಈ ವರ್ಷದ ಜುಲೈನಲ್ಲಿ ತಿರುಗುವುದು ದಿನಾಂಕದ ಸಾಲು ಹೀಗೆ ಉದುರಿಹೋದಾಗ.

ಹಾಗಾಗಿ ಪ್ರೋಗ್ರಾಂ ಬರೆಯುವವರಿಗೆ ನಾವು ಹೇಳಿದ ಎರಡು ಸಾಲು ಫೋನ್ ಹಿಡಿದ ಎಲ್ಲರಿಗೂ ಅನ್ವಯಿಸುತ್ತದೆ. ಇದು ದಾಟಿ ಬಂದದ್ದೇ ಎಂದು ಮೊದಲು ನೋಡಿ. ಹೌದಾದರೆ ಮೂಲ ಹುಡುಕಿ. ಕೊನೆಯಲ್ಲಿ ಮೂರು ಚುಕ್ಕಿ ಇದೆಯೇ, ವಾಕ್ಯಕ್ಕೆ ಕ್ರಿಯಾಪದ ಇದೆಯೇ, ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಮುಂದೆ ಕಳಿಸುವ ಮೊದಲು ಕಳಿಸಿದವರಿಗೇ ಫೋನ್ ಮಾಡಿ, ‘ಇದ್ರ್ ಪೂರ್ತಿ ಎಲ್ಲಿತ್ತ್?’ ಎಂದು ಕೇಳಿ. ಪೂರ್ತಿ ಸಿಕ್ಕಾಗ ಅದನ್ನು ತೆಗೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾಗಿ ಕನ್ನಡದವರನ್ನೂ ಸೆಳೆದಿದ್ದ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಒಂದು ಕಂಪನಿ ಮುಚ್ಚಿದರೆ ಅಲ್ಲಿದ್ದ ಮೂಲವೂ ಕೈತಪ್ಪಬಹುದು. ಬಾರಕೂರಿನ ಕಲ್ಲು ಶತಮಾನಗಳಿಂದ ನಿಂತಿದೆ, ಆ ಭಾಗ್ಯ ಫೋನಿನ ಮಾತಿಗಿಲ್ಲ.

ನಮ್ಮ ಬಳಗದಲ್ಲಿ ಈಗ ಒಂದು ನಿಯಮವಿದೆ. ಪಟ್ಟಿ ಯಂತ್ರ ಮಾಡಿದ್ದಿರಲಿ, ನಾವೇ ಕೈಯಲ್ಲಿ ಮಾಡಿದ್ದಿರಲಿ, ಹೊರಗೆ ಹೋಗುವ ಮೊದಲು ಒಬ್ಬರು ಪ್ರತಿ ಸಾಲಿನ ಕೊನೆಯ ಪದವನ್ನು ಮಾತ್ರ ಓದುತ್ತಾರೆ. ಇದೆ, ಇಲ್ಲ, ಬಹುದು, ಬಾರದು, ಬೇಡಿ. ಅಷ್ಟೇ ಕೆಲಸ, ಐದು ನಿಮಿಷ ಸಾಕು. ಕೊನೆಯ ಪದ ಕಾಣದ ಸಾಲು ಮೂಲ ಸಿಗುವವರೆಗೆ ನಮ್ಮಲ್ಲೇ ಇರುತ್ತದೆ.